ಹಳದಿ ಗೆರೆ ಎಲ್ಲಿ ಬೀಳಬೇಕು?

ಕಿಲ್ಟ್ ಅಂದರೆ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಲಂಗ, ಟಾರ್ಟನ್ ಅಂದರೆ ಬಣ್ಣದ ಗೆರೆಗಳ ಚೌಕಳಿ ಬಟ್ಟೆ. ಟಾರ್ಟನ್ ಕಿಲ್ಟ್ ಉಡುವವರಿಗೆ ಅರ್ಧ ತಲೆನೋವು ಕಮ್ಮಿ. ಚೌಕಳಿಯಲ್ಲೇ ನಾಲ್ಕೈದು ಬಣ್ಣ ಇರುತ್ತವೆ. ಒಂದನ್ನು ಹಿಡಿದು ಸಾಕ್ಸ್ ತಗೊಂಡರೆ ಆಯಿತು, ಇನ್ನೊಂದನ್ನು ಹಿಡಿದು ಟೈ ಕಟ್ಟಿದರೆ ಮುಗಿಯಿತು. ಫಜೀತಿ ಶುರುವಾಗುವುದು ಐರ್ಲೆಂಡಿನವರ ಹಾಗೆ ಒಂದೇ ಬಣ್ಣದ ಕಿಲ್ಟ್ ಉಟ್ಟು, ಅದರ ಜೊತೆಗೆ ಟಾರ್ಟನ್ ಏನಾದರೂ ಹಾಕಬೇಕು ಅಂದಾಗ. ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು, ಯಾವುದನ್ನು ಹಾಕಬೇಕು? ಡಬ್ಲಿನ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯನ ಮದುವೆಯಲ್ಲಿ ಇದೇ ವಿಷಯಕ್ಕೆ ಎರಡು ಮನೆಯವರು ಹಗ್ಗಜಗ್ಗಾಟ ಆಡಿದರು. ನಾನು ಸುಮ್ನೆ ನೋಡುತ್ತಾ ಕೂರುವ ಹಾಗೂ ಇರಲಿಲ್ಲ. ಮದುಮಗನ ಪಕ್ಕ ನಿಲ್ಲುವವರಲ್ಲಿ ನಾನೂ ಒಬ್ಬ, ನಾನೂ ಕಿಲ್ಟ್ ಉಡಬೇಕಿತ್ತು.

ಹುಡುಗ ಡೊನೆಗಲ್‌ನವನು. ಐರ್ಲೆಂಡಿನ ಮೇಲ್ತುದಿಯ, ಸಮುದ್ರದ ಗಾಳಿ ಯಾವಾಗಲೂ ಬೀಸುವ ಕೌಂಟಿ ಅದು. ವಾರಕ್ಕೊಮ್ಮೆ ಪೈಪ್ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಅನ್ನುವ ಗಾಳಿಚೀಲದ ವಾದ್ಯ ನುಡಿಸುತ್ತಾನೆ. ಹುಡುಗಿ ಸ್ಕಾಟ್ಲೆಂಡಿನವಳು, ಅಬರ್ಡೀನ್‌ಶೈರ್‌ನ ಹಂಟ್ಲಿ ಹತ್ತಿರದ ಊರು. ಹಂಟ್ಲಿ ಅಂದರೆ ಗಾರ್ಡನ್ ಮನೆತನದ ಸೀಮೆ, ಅವರ ಹಳೆಯ ಕೋಟೆ ಇನ್ನೂ ಅಲ್ಲಿದೆ. ಹುಡುಗಿಯ ತಾಯಿಯ ತವರು ಗಾರ್ಡನ್. ಸ್ಕಾಟ್ಲೆಂಡಿನಲ್ಲಿ ಮನೆತನಕ್ಕೊಂದು ಟಾರ್ಟನ್ ಇರುತ್ತದೆ. ಅಳಿಯನಾಗುವವನ ಮೈಮೇಲೆ ಗಾರ್ಡನ್ ಟಾರ್ಟನ್ ಒಂದು ಚೂರಾದರೂ ಇರಲೇಬೇಕು ಅಂತ ಆಕೆಯ ಹಟ.

ಹುಡುಗನ ಅಪ್ಪ ಇದಕ್ಕೆ ಮೂಗು ಮುರಿದರು. ಅವರೂ ಪೈಪರ್, ಪ್ರಾಯದಲ್ಲಿ ಬ್ಯಾಂಡಿನಲ್ಲಿದ್ದವರು. ಐರಿಷ್ ಪೈಪರ್ ಉಡುವುದು ಸ್ಯಾಫ್ರನ್ ಕಿಲ್ಟ್, ಕಾಲಿಗೆ ಹಸಿರು ಸಾಕ್ಸ್, ತಲೆಗೆ ಕಾಬೀನ್ ಅನ್ನುವ ಅಗಲದ ಮೆತ್ತನೆ ಟೋಪಿ. ಮುಂದೆ ಜೋತಾಡುವ ಸ್ಪೋರನ್ ಚೀಲ ಕೂಡ ಬೇಡ. ಚೌಕಳಿ ಗಿವಕಳಿ ಎಲ್ಲ ಆ ಕಡೆಯವರದು, ನಮಗ್ಯಾಕೆ ಅಂತ ಅವರ ವಾದ.

ಸ್ಯಾಫ್ರನ್ ಅಂದ ತಕ್ಷಣ ನಮ್ಮ ಧ್ವಜದ ಕೇಸರಿ ಕಣ್ಣ ಮುಂದೆ ಬಂದರೆ ಅದನ್ನು ಪಕ್ಕಕ್ಕಿಡಿ. ಈ ಕಿಲ್ಟ್‌ನ ಬಣ್ಣ ಹಳದಿಗೂ ಕಂದಿಗೂ ನಡುವೆ ಎಲ್ಲೋ ಇದೆ. ಒಂದು ಅಂಗಡಿಯ ಸ್ಯಾಫ್ರನ್ ಇನ್ನೊಂದು ಅಂಗಡಿಯದಕ್ಕೆ ಹೊಂದುವುದಿಲ್ಲ. ಒಂದರಲ್ಲಿ ಸಾಸಿವೆ ಜಾಸ್ತಿ, ಒಂದರಲ್ಲಿ ಕಿತ್ತಳೆ ಜಾಸ್ತಿ. ಬೆಳಕು ಬದಲಾದರೆ ಅದೂ ಬದಲಾಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಮಂಕಾಗಿ ಕಾಣುವ ಬಟ್ಟೆ ಬಿಸಿಲಿಗೆ ಬಂದರೆ ಥಟ್ಟನೆ ಎದ್ದು ನಿಲ್ಲುತ್ತದೆ.

ಈ ಬಣ್ಣದ ಹಿಂದೆ ದೊಡ್ಡ ಕಥೆ ಇದೆ. ಹಿಂದೆ ಐರಿಷ್ ಗಂಡಸರು ಲೇನೆ ಅನ್ನುವ ಉದ್ದನೆಯ ನಾರುಬಟ್ಟೆಯ ಅಂಗಿ ತೊಡುತ್ತಿದ್ದರು. ಅಗಲ ತೋಳು, ನೆರಿಗೆ ನೆರಿಗೆ, ಹಳದಿ ಬಣ್ಣ. ಮೇಲೆ ಬ್ರಾಟ್ ಅನ್ನುವ ಉಣ್ಣೆ ಹೊದಿಕೆ. 1521ರಲ್ಲಿ ಜರ್ಮನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಐರಿಷ್ ಸೈನಿಕರನ್ನೂ ರೈತರನ್ನೂ ಚಿತ್ರ ಬರೆದಿದ್ದಾನೆ. ಅದರಲ್ಲೂ ಉದ್ದ ಅಂಗಿ, ಹೊದಿಕೆಗಳೇ ಕಾಣುತ್ತವೆ. ಎಂಟನೇ ಹೆನ್ರಿಯ ಆಳ್ವಿಕೆಯಲ್ಲಿ, 1537ರಲ್ಲಿ, ಸ್ಯಾಫ್ರನ್ ಬಣ್ಣ ಹಾಕಿದ ಅಂಗಿ ತೊಡಬಾರದು, ಒಂದು ಅಂಗಿಗೆ ಏಳು ಗಜಕ್ಕಿಂತ ಜಾಸ್ತಿ ಬಟ್ಟೆ ಬಳಸಬಾರದು ಅಂತ ಕಾನೂನೇ ಆಯಿತು. ಯಾರು ಎಷ್ಟು ಗಜ ಉಡುತ್ತಾರೆ ಅನ್ನುವುದೂ ಸರ್ಕಾರಕ್ಕೆ ಬೇಕಿತ್ತು ನೋಡಿ.

ಆದರೆ ಅದು ಅಂಗಿ, ಕಿಲ್ಟ್ ಅಲ್ಲ. ಐರ್ಲೆಂಡಿನಲ್ಲಿ ಕಿಲ್ಟ್ ಬಂದದ್ದು 19ನೇ ಶತಮಾನದ ಕೊನೆ, 20ನೇ ಶತಮಾನದ ಆರಂಭದ ಹೊತ್ತಿಗೆ. ಐರ್ಲೆಂಡಿನ ಸ್ವಂತ ಗೇಲಿಕ್ ಭಾಷೆ, ಆಟ, ಹಾಡು ಎಲ್ಲವನ್ನೂ ಮತ್ತೆ ಎಬ್ಬಿಸಬೇಕು ಅಂತ ಹೊರಟವರಿಗೆ ಇಂಗ್ಲಿಷರ ಪ್ಯಾಂಟು ಬೇಡವಾಗಿತ್ತು. ಸ್ಕಾಟ್ಲೆಂಡಿನ ಕಿಲ್ಟ್ ತಗೊಂಡರು, ಚೌಕಳಿ ಬಿಟ್ಟರು, ತಮ್ಮ ಹಳೆಯ ಅಂಗಿಯ ಬಣ್ಣ ಹಾಕಿದರು. ಐರಿಷ್ ಸ್ವಾತಂತ್ರ್ಯ ಹೋರಾಟಗಾರ ಪ್ಯಾಟ್ರಿಕ್ ಪಿಯರ್ಸ್ 1908ರಲ್ಲಿ ಡಬ್ಲಿನ್‌ನಲ್ಲಿ ತೆರೆದ ಸೇಂಟ್ ಎಂಡಾ ಶಾಲೆಯ ಹುಡುಗರೂ ಕಿಲ್ಟ್ ತೊಡುತ್ತಿದ್ದರು. ತಮಾಷೆ ಅಂದರೆ ಬ್ರಿಟಿಷ್ ಸೈನ್ಯದ ಐರಿಷ್ ಗಾರ್ಡ್ಸ್ ಪೈಪರ್‌ಗಳಿಗೂ ಸ್ಯಾಫ್ರನ್ ಕಿಲ್ಟೇ, ಐರ್ಲೆಂಡಿನ ಸ್ವಂತ ಸೈನ್ಯದ ಪೈಪರ್‌ಗಳಿಗೂ ಸ್ಯಾಫ್ರನ್ ಕಿಲ್ಟೇ. ಬಂದೂಕು ಎತ್ತಿಕೊಂಡವರು ಎರಡು ಕಡೆ ನಿಂತರೂ ಬಟ್ಟೆ ಒಂದೇ ಆಗಿ ಉಳಿಯಿತು.

ಇದೆಲ್ಲ ನನಗೆ ತಿಳಿದದ್ದು ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ. ಅಳತೆ ಕೊಡಲು ಹೋದ ದಿನ ನಾನು, ನನ್ನ ಹೆಂಡತಿ, ಮದುಮಗ, ಅವನ ಅಪ್ಪ. ಹುಡುಗಿಯ ತಾಯಿ ಅಬರ್ಡೀನ್‌ಶೈರ್‌ನಿಂದ ವೀಡಿಯೊ ಕಾಲ್‌ನಲ್ಲಿ. ಫೋನನ್ನು ಟೋಪಿಗಳ ಪಕ್ಕ ಒರಗಿಸಿ ಇಟ್ಟಿದ್ದೆವು. ಆಕೆ ಆಗಾಗ "ಅದನ್ನು ಸ್ವಲ್ಪ ಕಿಟಕಿ ಹತ್ತಿರ ತಗೊಂಡು ಹೋಗಿ" ಅನ್ನುತ್ತಿದ್ದರು.

ಮೊದಲು ಅಂಗಡಿಯವರು ನಮಗೆ ಸಿಕ್ಕಿದ್ದನ್ನೆಲ್ಲ ಹಾಕಿ ನಿಲ್ಲಿಸಿದರು. ಸ್ಯಾಫ್ರನ್ ಕಿಲ್ಟ್, ಗಾರ್ಡನ್ ಟೈ, ಹೆಗಲ ಮೇಲೆ ಗಾರ್ಡನ್ ಹೊದಿಕೆ, ಸಾಕ್ಸ್ ಪಕ್ಕದಲ್ಲಿ ಗಾರ್ಡನ್ ಪಟ್ಟಿ, ತಲೆಗೆ ಗಾರ್ಡನ್ ಟೋಪಿ. ಕನ್ನಡಿಯಲ್ಲಿ ನೋಡಿದರೆ ಕಿಲ್ಟ್ ಒಂದನ್ನು ಬಿಟ್ಟು ಮೈಯೆಲ್ಲ ಚೌಕಳಿ. ಕಿಲ್ಟ್‌ಗೆ ಮಾತ್ರ ಬಟ್ಟೆ ಸಾಲದೆ ಬೇರೆ ಯಾವುದನ್ನೋ ಸುತ್ತಿದ ಹಾಗೆ ಕಾಣುತ್ತಿತ್ತು. ಮದುಮಗನ ಅಪ್ಪ ಏನೂ ಮಾತಾಡದೆ ಕುರ್ಚಿಯಲ್ಲಿ ಕೂತರು. ಗೆದ್ದೆ ಅನ್ನುವ ಮುಖ.

ಒಂದೊಂದಾಗಿ ತೆಗೆಯುತ್ತಾ ಬಂದೆವು. ಟೋಪಿ ಮೊದಲು ಹೋಯಿತು. ಆಮೇಲೆ ಟೈ. ಆಗ ಕಿಲ್ಟ್ ಉಸಿರಾಡತೊಡಗಿತು. ಒಂದೇ ಬಣ್ಣದ ಬಟ್ಟೆಗೂ ಅದರದೇ ಒಂದು ಗತ್ತು ಇರುತ್ತದೆ. ಅದರಲ್ಲಿ ಕಣ್ಣಿಗೆ ಬೀಳುವುದು ನೆರಿಗೆಯ ನೆರಳು. ಟಾರ್ಟನ್ ಕಿಲ್ಟ್‌ನಲ್ಲಿ ನೆರಿಗೆ ಹಿಡಿಯುವವರು ಗೆರೆಗೆ ಗೆರೆ ಕೂಡಿಸಬೇಕು, ಹಿಂದೆಯೂ ಅದೇ ಚೌಕಳಿ ಬರುವ ಹಾಗೆ ಮಡಚಬೇಕು. ಆ ಕಷ್ಟ ಇದರಲ್ಲಿಲ್ಲ. ಆದರೆ ಚೌಕಳಿ ಮುಚ್ಚಿಡುವ ಸುಕ್ಕು, ಕಲೆ, ಓರೆ ಹೊಲಿಗೆ ಎಲ್ಲ ಇದರಲ್ಲಿ ಎದ್ದು ಕಾಣುತ್ತದೆ. ಅಂಗಡಿಯ ದರ್ಜಿ ಒಂದು ಕಿಲ್ಟ್ ತಿರುಗಿಸಿ ಹಿಂಭಾಗ ತೋರಿಸಿದರು. ಯಾರೋ ಕಾರಿನಲ್ಲಿ ನೆರಿಗೆ ಸರಿ ಮಾಡದೆ ಕೂತು ಹೋಗಿದ್ದರಂತೆ. ಮೂರು ನೆರಿಗೆ ಅಡ್ಡಡ್ಡ ಮುರಿದಿದ್ದವು. ಕೂರುವಾಗ ಎರಡೂ ಕೈಯಿಂದ ಹಿಂದಿನ ನೆರಿಗೆ ಕೆಳಗೆ ಸವರಿಕೊಂಡು ಕೂರಬೇಕು ಅಂತ ಹೇಳಿಕೊಟ್ಟರು. ನನ್ನ ಹೆಂಡತಿ ನಕ್ಕಳು. ಅವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ನಿಜ ಹೇಳಬೇಕೆಂದರೆ ಆ ದಿನ ದಾರಿ ಕಂಡುಹಿಡಿದವಳೂ ಅವಳೇ. ಅವಳ ತವರು ಬಾಗಲಕೋಟೆ ಕಡೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ ಆರಿಸುವುದನ್ನು ಚಿಕ್ಕಂದಿನಿಂದ ನೋಡಿಕೊಂಡು ಬೆಳೆದವಳು. ಸೀರೆ ಒಡಲಿನ ಬಣ್ಣ ಹಿಡಿದು ಕುಪ್ಪಸ ಹುಡುಕಿದರೆ ಸಿಗುವುದಿಲ್ಲ, ಖಣದೊಳಗಿನ ಒಂದು ಎಳೆ ಸೀರೆಗೆ ಕೂಡಿದರೆ ಸಾಕು, ಮಿಕ್ಕಿದ್ದು ಬೇರೆಯಾಗಿದ್ದರೇ ಚೆನ್ನ ಅಂತ ಅವರ ಮನೆಯ ಲೆಕ್ಕ. ಗಾರ್ಡನ್ ಬಟ್ಟೆಯನ್ನು ಸ್ಯಾಫ್ರನ್ ಮೇಲೆ ಹಾಸಿ ಅವಳು ಬೆರಳಿಟ್ಟದ್ದು ಅದರ ಹಳದಿ ಗೆರೆಯ ಮೇಲೆ.

ಗಾರ್ಡನ್ ಟಾರ್ಟನ್ ಕಡುನೀಲಿ, ಕಪ್ಪು, ಕಡುಹಸಿರಿನ ಚೌಕಳಿ. ಬ್ಲ್ಯಾಕ್ ವಾಚ್ ಅನ್ನುವ ಪ್ರಸಿದ್ಧ ಸೈನ್ಯದ ಟಾರ್ಟನ್ನೇ ಇದರ ಮೂಲ. ಹಸಿರಿನ ನಡುವೆ ಒಂದು ತೆಳು ಹಳದಿ ಗೆರೆ ಸೇರಿಸಿದ್ದಾರೆ, ಅಷ್ಟೇ. 1793ರಲ್ಲಿ ಹಂಟ್ಲಿಯ ವಿಲಿಯಂ ಫೋರ್ಸೈತ್ ಅನ್ನುವವರು ಗಾರ್ಡನ್ ಡ್ಯೂಕನ ಹೊಸ ಪಡೆಗೆ ಮಾದರಿ ತಯಾರಿಸಿದರು. ಒಂದು ಹಳದಿ ಗೆರೆ, ಎರಡು, ಮೂರು ಅಂತ ಬೇರೆ ಬೇರೆ ತೋರಿಸಿದರು. ಪಡೆಗೆ ಆಯ್ಕೆಯಾದದ್ದು ಒಂದೇ ಗೆರೆಯದು. ವೀಡಿಯೊದಲ್ಲಿ ಹುಡುಗಿಯ ತಾಯಿ ಇದನ್ನು ತಮ್ಮ ಮನೆಯಲ್ಲೇ ನಡೆದ ಹಾಗೆ ಹೇಳಿದರು. ಹುಡುಗನ ಅಪ್ಪನಿಗೆ ಸೈನ್ಯದ ಕಥೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಬಟ್ಟೆ ಹಿಡಿಸಿತು. ಎದ್ದು ಬಂದು ಮುಟ್ಟಿ ನೋಡಿದರು.

ಈಗ ಯಾವ ಗಾರ್ಡನ್? ಒಂದೇ ಟಾರ್ಟನ್ ಮೂರ್ನಾಲ್ಕು ಬಣ್ಣದ ಹದದಲ್ಲಿ ಸಿಗುತ್ತದೆ. ಮಾಡರ್ನ್ ಅಂದರೆ ಗಾಢ ಬಣ್ಣ. ಏನ್ಷಿಯೆಂಟ್ ಅಂದರೆ ತಿಳಿ, ಹಸಿರೆಲ್ಲ ಎಳೆಹಸಿರು, ನೀಲಿ ಆಕಾಶನೀಲಿ. ವೆದರ್ಡ್ ಅಂದರೆ ಮಳೆಬಿಸಿಲಿಗೆ ಮಾಸಿದ ಹಾಗೆ ಬೂದು, ಕಂದು. ಮಾಸಿದ ಬಣ್ಣವೇ ಸ್ಯಾಫ್ರನ್‌ಗೆ ಸರಿ ಅಂತ ನನಗೂ ಮದುಮಗನಿಗೂ ಅನ್ನಿಸಿತ್ತು. ಕಿಲ್ಟ್ ಪಕ್ಕ ಇಟ್ಟರೆ ಎರಡೂ ಒಂದರೊಳಗೊಂದು ಕರಗಿಹೋದವು. ಕಂದಿನ ಮೇಲೆ ಕಂದು, ಯಾವುದೂ ಕಾಣದು. ತಿಳಿ ಬಣ್ಣ ಇಟ್ಟರೆ ಕಿಲ್ಟೇ ಕೊಳೆಯಾದಂತೆ ಕಂಡಿತು. ಗಾಢ ಬಣ್ಣ ಇಟ್ಟಾಗ ಮಾತ್ರ ಎರಡೂ ತಮ್ಮ ತಮ್ಮ ಜಾಗದಲ್ಲಿ ನಿಂತವು. ಗಾರ್ಡನ್‌ನ ಹಳದಿ ನಿಂಬೆಹಳದಿ, ಕಿಲ್ಟ್ ಸಾಸಿವೆ. ಪಕ್ಕದಲ್ಲಿ ಅಗಲವಾಗಿ ಹಾಸಿದ್ದರೆ ಜಗಳ ಆಡುತ್ತಿದ್ದವು. ಗೆರೆ ತೆಳು ಇದ್ದದ್ದರಿಂದ ಬಚಾವ್.

ಆಮೇಲೆ ಎಲ್ಲಿ ಹಾಕುವುದು ಅನ್ನುವ ಪ್ರಶ್ನೆ. ಟಾರ್ಟನ್ ಒಂದು ಕಡೆ ದೊಡ್ಡದಾಗಿ, ಇನ್ನೊಂದು ಕಡೆ ಸಣ್ಣದಾಗಿ ಬಂದರೆ ಸಾಕು ಅಂತ ದರ್ಜಿ ಹೇಳಿದರು. ಈಗ ನನ್ನ ಮತವೂ ಅದೇ. ದೊಡ್ಡದು ಎಡಹೆಗಲ ಹೊದಿಕೆ. ಅದಕ್ಕೆ ಫ್ಲೈ ಪ್ಲೇಡ್ ಅನ್ನುತ್ತಾರೆ. ಅಂಚಿಗೆ ಗೊಂಡೆ ಬಿಟ್ಟ ಚೌಕ ಬಟ್ಟೆ, ಹೆಗಲ ಮೇಲೆ ದುಂಡನೆ ಬ್ರೂಚ್‌ನಿಂದ ಸಿಕ್ಕಿಸಿ ಬೆನ್ನಿಗೆ ಇಳಿಬಿಡುವುದು. ಸಣ್ಣದು ಸಾಕ್ಸ್ ಪಕ್ಕದ ಫ್ಲ್ಯಾಶ್. ಮೊಣಕಾಲ ಕೆಳಗೆ ಮಡಚಿದ ಸಾಕ್ಸ್‌ನ ಒಳಗೆ ಎಲಾಸ್ಟಿಕ್ ಪಟ್ಟಿ, ಅದರಿಂದ ಹೊರಗೆ ಇಣುಕುವ ಎರಡು ನಾಲಿಗೆ. ಮುಂದಿನಿಂದ ನೋಡಿದರೆ ಹೆಗಲಿಗೂ ಕಾಲಿಗೂ ನಡುವೆ ಇಡೀ ಕಿಲ್ಟ್ ಖಾಲಿ ಇರುತ್ತದೆ. ಟೈ ಒಂದೇ ಬಣ್ಣದ್ದು, ಕಡುಹಸಿರು.

ಆದರೆ ಫ್ಲ್ಯಾಶ್ ಕೈಗೆ ಬಂದಾಗ ನೋಡಿದರೆ ಅದರಲ್ಲಿ ಹಳದಿಯೇ ಇಲ್ಲ! ಬರೀ ಕಡುಹಸಿರು, ಕಪ್ಪು. ಕಾರಣ ಸರಳ. ಟಾರ್ಟನ್‌ನ ವಿನ್ಯಾಸ ಒಮ್ಮೆ ಪೂರ್ತಿ ಆಗಲು ಐದಾರು ಇಂಚು ಬೇಕು. ಫ್ಲ್ಯಾಶ್‌ನ ನಾಲಿಗೆ ಒಂದೆರಡು ಇಂಚು ಅಗಲ. ಬಟ್ಟೆಯನ್ನು ಎಲ್ಲಿಂದ ಕತ್ತರಿಸುತ್ತೀರೋ ಆ ಬಣ್ಣ ಮಾತ್ರ ಸಿಗುತ್ತದೆ. ಗೆರೆ ಬಿಟ್ಟುಹೋದರೆ ಅದು ಗಾರ್ಡನ್ ಅಂತ ಯಾರಿಗೂ ಗೊತ್ತಾಗದು. ದರ್ಜಿ ಆ ಜೋಡಿಯನ್ನು ವಾಪಸ್ ತಗೊಂಡರು. ಬೇರೆ ತುಂಡು ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹಳದಿ ಗೆರೆ ನಾಲಿಗೆಯ ಸರಿಯಾಗಿ ನಡುವೆ ಮೇಲಿಂದ ಕೆಳಗೆ ಇಳಿಯುವ ಹಾಗೆ ಕತ್ತರಿಸಿದರು. ತುದಿಯನ್ನು ಹಲ್ಲು ಹಲ್ಲಾಗಿ ಕತ್ತರಿಸುವ ಕತ್ತರಿ ಇಟ್ಟುಕೊಂಡಿದ್ದರು. ನಾಲ್ಕು ನಾಲಿಗೆಯಲ್ಲೂ ಗೆರೆ ಒಂದೇ ಜಾಗದಲ್ಲಿ ಬೀಳಬೇಕು ಅಂತ ಎಷ್ಟೋ ಬಟ್ಟೆ ಹಾಳಾಯಿತು. ಫೋನಿನಲ್ಲಿದ್ದ ಬೀಗಿತ್ತಿ ಆ ಹೊತ್ತಿಗೆ ಮಾತು ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದರು. ಟೈ ಆಗಿದ್ದರೆ ಇನ್ನೂ ಪೇಚು. ಟೈ ಬಟ್ಟೆಯನ್ನು ಓರೆಯಾಗಿ ಕತ್ತರಿಸುತ್ತಾರೆ, ಗೆರೆ ಅಡ್ಡ ಓಡುತ್ತದೆ, ಗಂಟಿನಲ್ಲಿ ಎಲ್ಲೋ ಮಾಯವಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಹುಡುಗನ ಚಿಕ್ಕಪ್ಪ ಒಬ್ಬರು ಆಮೇಲೆ ಇನ್ನೊಂದು ತಕರಾರು ತೆಗೆದರು. ಟಾರ್ಟನ್ ಬೇಕೇ ಬೇಕು ಅಂದರೆ ನಮ್ಮದೇ ಇದೆಯಲ್ಲ, ಅಲ್ಸ್ಟರ್ ಟಾರ್ಟನ್! ಡೊನೆಗಲ್ ಐರ್ಲೆಂಡಿನ ಉತ್ತರ ಭಾಗದ ಅಲ್ಸ್ಟರ್ ಪ್ರಾಂತ್ಯಕ್ಕೇ ಸೇರಿದ್ದು. ಅವರ ಮಾತಿನಲ್ಲಿ ಹುರುಳಿತ್ತು. ಐರ್ಲೆಂಡಿನಲ್ಲಿ ಮನೆತನಕ್ಕೊಂದು ಟಾರ್ಟನ್ ಅನ್ನುವ ಹಳೆಯ ಪದ್ಧತಿ ಇಲ್ಲ. ಅಂಗಡಿಗಳಲ್ಲಿ ಸಿಗುವ ಕೌಂಟಿ ಟಾರ್ಟನ್‌ಗಳಲ್ಲಿ ಬಹುಪಾಲು 1990ರ ದಶಕದಲ್ಲಿ ಹುಟ್ಟಿದವು. ಅಲ್ಸ್ಟರ್‌ನದು ಬೇರೆ ಕಥೆ. 1956ರಲ್ಲಿ ಉತ್ತರ ಐರ್ಲೆಂಡಿನ ಡಂಗಿವನ್ ಊರಿನ ಹತ್ತಿರ ಮಣ್ಣು ಅಗೆಯುವಾಗ ಹಳೆಯ ಬಟ್ಟೆಗಳು ಸಿಕ್ಕವು. ಮೇಲುಹೊದಿಕೆ, ಜಾಕೆಟ್, ಚೌಕಳಿ ಬಟ್ಟೆಯ ಇಜಾರ. ಸುಮಾರು 400 ವರ್ಷ ಹಳೆಯವು. ಅದರ ಚೌಕಳಿ ನೋಡಿ ಮತ್ತೆ ನೇಯ್ದದ್ದು ಅಲ್ಸ್ಟರ್ ಟಾರ್ಟನ್. ಮಣ್ಣಿನಲ್ಲಿ ಮಾಸಿ ಸಿಕ್ಕ ಬಣ್ಣದ ಹಾಗೆ ಒಂದು, ಮೊದಲು ಹೀಗಿದ್ದಿರಬೇಕು ಅಂತ ಕೆಂಪು ಬಣ್ಣದಲ್ಲಿ ಇನ್ನೊಂದು.

ಎರಡೂ ಟಾರ್ಟನ್ ಹಾಕಿಬಿಡೋಣ, ಒಬ್ಬರಿಗೂ ಬೇಜಾರಿಲ್ಲ ಅಂತ ಯಾರೋ ಅಂದರು. ಇಬ್ಬರನ್ನೂ ಸಮಾಧಾನ ಮಾಡಲು ಹೊರಟರೆ ಮದುಮಗ ಬಟ್ಟೆ ಅಂಗಡಿ ಆಗುತ್ತಾನೆ ಅಷ್ಟೆ. ಕೊನೆಗೆ ಮದುಮಗನೇ ತೀರ್ಮಾನ ಹೇಳಿದ. ಗಾರ್ಡನ್ ಅವನಿಗೊಬ್ಬನಿಗೆ ಮಾತ್ರ. ಪಕ್ಕ ನಿಲ್ಲುವ ನಮಗೆಲ್ಲ ಟಾರ್ಟನ್ನೇ ಬೇಡ, ಹಸಿರು ಸಾಕ್ಸ್, ಸ್ಯಾಫ್ರನ್ ಬಣ್ಣದ್ದೇ ಫ್ಲ್ಯಾಶ್. ಚಿಕ್ಕಪ್ಪ ಬೇಕಿದ್ದರೆ ತಮ್ಮ ಸೂಟಿಗೆ ಅಲ್ಸ್ಟರ್ ಟೈ ಕಟ್ಟಿಕೊಳ್ಳಲಿ. ಅವರು ಕೆಂಪನ್ನೇ ಕಟ್ಟಿಕೊಂಡು ಬಂದರು.

ಮದುವೆ ಅರ್ದಾರಾ ಹತ್ತಿರದ ಊರಿನಲ್ಲಿ. ಡಬ್ಲಿನ್‌ನಿಂದ ಹೋಗುವಾಗ ಕಾವನ್ ದಾಟಿ ಎನ್ನಿಸ್ಕಿಲ್ಲನ್ ಮೇಲೆ ಹೋದೆವು. ನಡುವೆ ಒಂದಷ್ಟು ದೂರ ಬ್ರಿಟನ್ನಿನ ಆಡಳಿತದ ಉತ್ತರ ಐರ್ಲೆಂಡ್. ಗಡಿ ಇದೆ ಅಂತ ಗೊತ್ತಾಗುವುದು ರಸ್ತೆ ಪಕ್ಕದ ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದಾಗ. ಕಿಲ್ಟ್‌ಗಳನ್ನು ಡಿಕ್ಕಿಯಲ್ಲಿ ಮಡಚದೆ ಉದ್ದಕ್ಕೆ ಮಲಗಿಸಿದ್ದೆವು.

ಅರ್ದಾರಾ ಟ್ವೀಡ್ ಅನ್ನುವ ಒರಟು ಉಣ್ಣೆ ಬಟ್ಟೆಯ ನೇಯ್ಗೆಗೆ ಹೆಸರಾದ ಊರು. ಡೊನೆಗಲ್ ಟ್ವೀಡ್‌ನಲ್ಲಿ ಬೂದು ಬಟ್ಟೆಯ ಮೇಲೆ ಕೆಂಪು, ನೀಲಿ, ಹಳದಿ ಚುಕ್ಕೆಗಳು ಎರಚಿದ ಹಾಗೆ ಇರುತ್ತವೆ. ಊರಿನ ಬಟ್ಟೆ ಅಂತ ಅಪ್ಪನಿಗೆ ಮಗ ಅದರದೇ ಜಾಕೆಟ್ ತೊಡಲಿ ಅಂತ ಆಸೆ. ಒಂದೇ ಬಣ್ಣದ ಕಿಲ್ಟ್ ಜೊತೆಗೆ ಟ್ವೀಡ್ ತುಂಬ ಚೆಂದ, ಹಗಲಿನ ಮದುವೆಗೆ ಕರಿ ಜಾಕೆಟ್‌ಗಿಂತ ಸಾವಿರ ಪಾಲು ಮೇಲು. ಆದರೆ ಚುಕ್ಕೆಯ ಮೇಲೆ ಚೌಕಳಿ ಬಿದ್ದರೆ ಹೆಗಲ ಹತ್ತಿರ ಕಣ್ಣು ಕತ್ತಲೆ ಬರುತ್ತದೆ. ಚುಕ್ಕೆ ಹೆಚ್ಚು ಕಾಣದ ಇದ್ದಿಲು ಬಣ್ಣದ ಟ್ವೀಡ್ ಹುಡುಕಿದರು. ಅದರ ಮೇಲೆ ಗಾರ್ಡನ್ ಹೊದಿಕೆ ಹಾಯಾಗಿ ಕೂತಿತು.

ಚರ್ಚ್ ಹೊರಗೆ ಗಾಳಿ ಅಂದರೆ ಗಾಳಿ. ಎಂಟು ಗಜದ ಉಣ್ಣೆ ಸೊಂಟಕ್ಕೆ ಸುತ್ತಿದ್ದರಿಂದ ನನ್ನ ಕಿಲ್ಟ್ ಅಲುಗಾಡಲಿಲ್ಲ. ಜೊತೆಗೆ ಮುಂದಿನ ಪದರಿಗೆ ಪಿನ್ ಇತ್ತು. ಅದನ್ನು ಎರಡೂ ಪದರಿಗೆ ಸೇರಿಸಿ ಚುಚ್ಚಬಾರದು, ಮೇಲಿನದಕ್ಕೆ ಮಾತ್ರ. ಸೇರಿಸಿ ಚುಚ್ಚಿದರೆ ನಡೆಯುವಾಗ ಬಟ್ಟೆ ಎಳೆಯುತ್ತದೆ. ಹಾರಾಡಿದ್ದು ಮದುಮಗನ ಹೊದಿಕೆ. ಒಮ್ಮೆ ಬಂದು ಅವನ ಮುಖಕ್ಕೇ ಬಡಿಯಿತು, ಫೋಟೊ ತೆಗೆಯುವವಳು ಬಿದ್ದು ಬಿದ್ದು ನಕ್ಕಳು. ಅವನ ಅಪ್ಪ ಜೇಬಿನಿಂದ ಎರಡು ಸೇಫ್ಟಿ ಪಿನ್ ತೆಗೆದು, ಹೊದಿಕೆಯ ಕೆಳತುದಿಯನ್ನು ಜಾಕೆಟ್ ಬೆನ್ನಿಗೆ ಒಳಗಿನಿಂದ ಸಿಕ್ಕಿಸಿದರು. ಬ್ಯಾಂಡಿನವರು ಹೀಗೇ ಮಾಡುವುದು ಅಂದರು. ಟಾರ್ಟನ್ ಬೇಡ ಅಂದ ಮನುಷ್ಯ ಪಿನ್ ಮಾತ್ರ ಮನೆಯಿಂದಲೇ ಇಟ್ಟುಕೊಂಡು ಬಂದಿದ್ದರು ನೋಡಿ.

ಸ್ಕಾಟ್ಲೆಂಡಿನ ಕೆಲವು ಮದುವೆಗಳಲ್ಲಿ ಹುಡುಗನ ಮನೆಯವರು ಹುಡುಗಿಗೆ ತಮ್ಮ ಟಾರ್ಟನ್ ಹೊದಿಸಿ ಮನೆಗೆ ಬರಮಾಡಿಕೊಳ್ಳುತ್ತಾರೆ. ಇಲ್ಲಿ ಹುಡುಗನ ಮನೆಗೆ ಟಾರ್ಟನ್ ಇಲ್ಲ. ಹಾಗಾಗಿ ಉಲ್ಟಾ ಮಾಡಿದರು. ಚರ್ಚ್‌ನೊಳಗೆ ಅತ್ತೆಯೇ ಅಳಿಯನ ಎಡಹೆಗಲಿಗೆ ಹೊದಿಕೆ ಹಾಕಿ ಬ್ರೂಚ್ ಚುಚ್ಚಿದ್ದರು. ನಮ್ಮ ಕಡೆ ಅಳಿಯನಿಗೆ ಶಲ್ಯ ಹೊದಿಸಿದಾಗ ಆಗುವ ಗಲಾಟೆ, ಫೋಟೊ, "ಈ ಕಡೆ ತಿರುಗಿ" ಎಲ್ಲ ಅಲ್ಲೂ ಆಯಿತು.

ಊಟದ ಹೊತ್ತಿಗೆ ಅಬರ್ಡೀನ್‌ಶೈರ್‌ನಿಂದ ಬಂದ ಅಜ್ಜ ಒಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. ಅವರೇ ಪೂರ್ತಿ ಗಾರ್ಡನ್ ಕಿಲ್ಟ್‌ನಲ್ಲಿದ್ದರು. ನನ್ನ ಕಿಲ್ಟ್ ನೋಡಿ, ಮದುಮಗನದು ನೋಡಿ, ಇಬ್ಬರನ್ನೂ ಪಕ್ಕ ನಿಲ್ಲಿಸಿ, ಬಗ್ಗಿ ಫ್ಲ್ಯಾಶ್ ಗಮನಿಸಿದರು. ಗೆರೆ ನಡುವೆ ಬಿದ್ದದ್ದನ್ನು ಅವರು ಕಂಡುಹಿಡಿದರು. ತಮ್ಮ ಸ್ವಂತ ಫ್ಲ್ಯಾಶ್ ತೋರಿಸಿದರು, ಅದರಲ್ಲಿ ಗೆರೆ ಒಂದು ಅಂಚಿಗೆ ಸರಿದಿತ್ತು. ದರ್ಜಿ ಯಾರು ಅಂತ ಕೇಳಿ ನನ್ನ ಫೋನಿನಿಂದ ಅಂಗಡಿಯ ನಂಬರ್ ಬರೆದುಕೊಂಡರು.

ಈಗ ಬರುವ ಸೇಂಟ್ ಪ್ಯಾಟ್ರಿಕ್ ದಿನಕ್ಕೆ, ಅಂದರೆ ಐರ್ಲೆಂಡಿನ ದೊಡ್ಡ ಹಬ್ಬಕ್ಕೆ, ನಾನೇ ಒಂದು ಕಿಲ್ಟ್ ಹೊಲಿಸುವ ಯೋಚನೆಯಲ್ಲಿದ್ದೇನೆ. ಹಸಿರು ಒಂದೇ ಬಣ್ಣದ್ದು. ಅಲ್ಸ್ಟರ್ ಕೆಂಪು ಹಾಕಿದರೆ ಕ್ರಿಸ್‌ಮಸ್ ಮರ ಆಗುತ್ತೀಯ ಅಂತ ಹೆಂಡತಿ ಈಗಲೇ ಎಚ್ಚರಿಸಿದ್ದಾಳೆ. ಮಾಸಿದ ಕಂದು ಅಲ್ಸ್ಟರ್ ಹಸಿರಿಗೆ ಕೂಡಬಹುದು ಅಂತ ಅವಳ ಲೆಕ್ಕ. ದರ್ಜಿಯಿಂದ ಒಂದು ಗೇಣು ಬಟ್ಟೆ ತರಿಸಿಕೊಂಡಿದ್ದಾಳೆ, ಬಿಸಿಲು ಬಂದ ದಿನ ಕಿಟಕಿ ಹತ್ತಿರ ಇಟ್ಟು ನೋಡಬೇಕಂತೆ. ಡಬ್ಲಿನ್‌ನಲ್ಲಿ ಬಿಸಿಲು ಯಾವಾಗ ಬರುತ್ತದೋ ಏನೋ.